ಐದು ಬರ್ನರ್‌ನ ಪೆಟ್ಟಿಗೆ

ನಾನು ಮದುವೆಯಾಗಿ ಹೋಗಲಿರುವ ಮನೆಯ ಅಡುಗೆಕೋಣೆಯನ್ನು ಮೂರು ಸಲ ಅಳೆದೆ. ಮೊದಲ ಸಲ ಟೇಪು ಸೊಟ್ಟಗೆ ಹಿಡಿದೆನೇನೋ ಎಂಬ ಅನುಮಾನ. ಎರಡನೆಯ ಸಲ ಗೋಡೆಯ ಮೇಲೆಯೇ ಅನುಮಾನ. ಮೂರು ಸಲವೂ ಉತ್ತರ ಒಂದೇ: ನೆಲದ ಮೇಲೆ ನಿಲ್ಲಿಸುವ ಐದು ಬರ್ನರ್‌ನ ದೊಡ್ಡ ಒಲೆ ಒಳಗೆ ಬಂದರೆ ನಾನು ಹೊರಗೆ ನಿಂತು ಬೇಯಿಸಬೇಕು.

"ಎರಡು ಬರ್ನರ್‌ನದು ಸಾಕಮ್ಮ. ಕಟ್ಟೆ ಮೇಲೆ ಕೂರುತ್ತೆ," ಎಂದೆ.

ಅಮ್ಮ ಎದೆ ಬಡಿದುಕೊಂಡಳು. "ಎರಡಾ? ಟೀ ಅಂಗಡಿ ಇಡ್ತೀಯಾ? ನಾಳೆ ನಿನ್ನ ಸಾಮಾನು ಗಾಡಿ ಮೇಲೆ ಇಂಬಾಬಾ ಬೀದಿ ಪೂರ್ತಿ ಮೆರವಣಿಗೆ ಹೋಗುತ್ತೆ. ಬಾಲ್ಕನೀಲಿ ಹೆಂಗಸರು ಬರ್ನರ್ ಎಣಿಸ್ತಾ ಕೂತಿರ್ತಾರೆ. ಆ ಎದುರುಮನೆ ಸಕೀನಾ ಹಿರಿಮಗಳಿಗೆ ಐದು ಬರ್ನರ್‌ದು ಹೋಯ್ತು, ಅವಳಿಗೆ ಮೊಟ್ಟೆ ಬೇಯಿಸೋಕೂ ಬರಲ್ಲ!"

"ಮತ್ತೆ ನಾನೆಲ್ಲಿ ನಿಲ್ಲಲಿ?"

"ಒಲೆ ಒಳಗಿರಲಿ, ಗಂಡನ್ನ ಹೊರಗೆ ಮಲಗಿಸು."

ಚಿಕ್ಕಮ್ಮ ಇನಾಯತ್ ಜಗಳ ಬಿಡಿಸಿದಳು. "ನನ್ನ ಐದು ಬರ್ನರ್ ಒಲೆಯ ಪೆಟ್ಟಿಗೆ ತಾರಸಿ ಮೇಲಿದೆ. ಇವಳ ಪುಟ್ಟ ಒಲೆ ಅದರೊಳಗೆ ಮಲಗಿಸಿ."

"ಸುಳ್ಳಾಗಲ್ವಾ ಚಿಕ್ಕಮ್ಮ?"

"ಪೆಟ್ಟಿಗೆ ಬಾಯಿಬಿಟ್ಟು ಏನಾದ್ರೂ ಹೇಳುತ್ತಾ, ಹುಚ್ಚಿ?"

ತೂಕಕ್ಕೆ ನಾಲ್ಕು ಇಟ್ಟಿಗೆ ತುಂಬಿಸಿದೆ. ಆಮೇಲೆ ಒಲೆಯ ಗಾಜು ಒಡೆದರೆ ಎಂದು ಹೆದರಿ ನಾನೇ ತೆಗೆಸಿದೆ.

ಮರುದಿನ ಗಾಡಿ ಹೊರಟಿತು. ಡೋಲು ಬಡಿಯುತ್ತಿದ್ದಂತೆ ಗಂಡಿನ ಕಡೆಯವರು ಪದ್ಧತಿಯಂತೆ ಒಂದೊಂದು ಸಾಮಾನು ತಲೆಯ ಮೇಲಿಟ್ಟು ಕುಣಿಯತೊಡಗಿದರು. ದಿಂಬು, ಕುರ್ಚಿ, ಬಕೆಟ್ಟು. ನನ್ನವನ ಚಿಕ್ಕಪ್ಪ ಫಿಕ್ರಿಗೆ ಅರವತ್ತು ದಾಟಿದೆ, ಕಡ್ಡಿಯಂಥ ಕಾಲು. ಅವರ ಕಣ್ಣು ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆಯ ಮೇಲೆ ಬಿತ್ತು.

"ಬೇಡ ಮಾವ, ತುಂಬಾ ಭಾರ!" ಎಂದು ಕೂಗಿದೆ. ಕೂಗಬಾರದಿತ್ತು. ಅವರ ಮೀಸೆ ನೆಟ್ಟಗಾಯಿತು. ಪೆಟ್ಟಿಗೆ ತಲೆಗೇರಿತು. ಒಂದು ಕೈ ಅದರ ಮೇಲೆ, ಇನ್ನೊಂದು ಸೊಂಟದ ಮೇಲೆ, ಗಿರ್ರನೆ ತಿರುಗಿದರು.

ಡೋಲು ನಿಂತಿತು.

"ಅದರಲ್ಲಿ ಒಲೆ ಇದೆಯೋ ಪಾರಿವಾಳ ಇದೆಯೋ?" ಬಾಲ್ಕನಿಯಿಂದ ಸಕೀನಾ ಕೇಳಿದಳು.

ಅಮ್ಮ ನಾಲಿಗೆ ಹೊರಳಿಸಿ ಬೀದಿ ಅದುರುವಂತೆ ಲುಲುಲು ಎಂದು ಮದುವೆಯ ಕೇಕೆ ಹಾಕಿದಳು. "ಕಣ್ಣು ಹಾಕಬೇಡ್ರೇ! ನಮ್ಮ ಬೀಗರ ಕಡೆ ಗಂಡಸರು ಹೀಗೇ. ಅರವತ್ತಾದ್ರೂ ಗೂಳಿ!"

ಬೀದಿ ನಂಬಿತು. ಎಲ್ಲರಿಗಿಂತ ಹೆಚ್ಚು ಫಿಕ್ರಿ ಮಾವ ನಂಬಿದರು.

ಈಗ ನನ್ನ ಅಡುಗೆಕೋಣೆಯಲ್ಲಿ ನಾನು ನಿಲ್ಲುತ್ತೇನೆ, ಬಗ್ಗಿದರೂ ಹಿಂಭಾಗ ಗೋಡೆಗೆ ತಾಗುವುದಿಲ್ಲ. ಆದರೆ ಮದುವೆಯಾದ ಮರುವಾರವೇ ಸಕೀನಾ ತನ್ನ ಕಿರಿಮಗಳ ಒಲೆಯನ್ನು ನಾಲ್ಕನೇ ಮಹಡಿಗೆ ಏರಿಸಲು ಫಿಕ್ರಿ ಮಾವನನ್ನೇ ಕರೆಸಿದಳು. ಅದು ನಿಜವಾದ ಐದು ಬರ್ನರ್‌ನದು. ಮಾವ ಎರಡು ಮೆಟ್ಟಿಲು ಹತ್ತಿದರು. ಅಂದಿನಿಂದ ಹಾಸಿಗೆಯಲ್ಲಿದ್ದಾರೆ.

ದಿನಾ ಬೇಳೆ ಸಾರು ಒಯ್ಯುತ್ತೇನೆ. ಇವತ್ತು ಹೇಳಿಯೇಬಿಡಬೇಕೆಂದು ಹೋಗಿದ್ದೆ. "ಮಾವ, ಆ ಪೆಟ್ಟಿಗೇಲಿ..." ಎಂದು ಶುರುವನ್ನೂ ಮಾಡಿದೆ.

ಮಾವ ಸಾರು ಸುರ್ರೆಂದು ಹೀರಿ ಕಣ್ಣು ಮುಚ್ಚಿದರು. "ಏನೇ ಹೇಳು ಮಗಳೇ, ಐದು ಬರ್ನರ್ ಒಲೆಯ ರುಚಿಯೇ ಬೇರೆ."

ಇನ್ನೊಂದು ಸೌಟು ಬಡಿಸಿದೆ.