ಎಡ ಸ್ಕೀ

ಚಪ್ಪಲಿಗೆ ಎಡ ಬಲ ಉಂಟು, ಬೂಟಿಗೆ ಉಂಟು, ಹಿಮದ ಮೇಲೆ ಜಾರುವ ಸ್ಕೀಗೆ ಇಲ್ಲ. ಜೋಡಿಯಲ್ಲಿ ಯಾವುದನ್ನು ಯಾವ ಕಾಲಿಗೆ ಸಿಕ್ಕಿಸಿದರೂ ನಡೆಯುತ್ತದೆ. ಆಸ್ಟ್ರಿಯಾದ ನಮ್ಮ ಆರ್ಲ್‌ಬರ್ಗ್ ಬೆಟ್ಟಸೀಮೆಯಲ್ಲಿ ಮೂರು ವರ್ಷದ ಮಗುವಿಗೂ ಗೊತ್ತಿರುವ ಈ ಮಾತನ್ನು ಗೆಬ್‌ಹಾರ್ಡ್ ಎಂಬ ನನಗೆ, ಮೂವತ್ತೆಂಟು ಚಳಿಗಾಲ ಜನರನ್ನು ಬೆಟ್ಟದಿಂದ ಇಳಿಸಿದವನಿಗೆ, ಅರವತ್ತೆರಡನೆಯ ವಯಸ್ಸಿನಲ್ಲಿ ಮಗಳು ನೆನಪಿಸಬೇಕಾಯಿತು.

ಮಗಳು ಅಗಾಥಾ ಊರಿನಲ್ಲಿ ಬಾಡಿಗೆ ಸ್ಕೀಗಳ ಅಂಗಡಿ ನಡೆಸುತ್ತಾಳೆ. ಮುಂದಿನ ಚಳಿಗಾಲಕ್ಕೆ ಪುಡಿಹಿಮದ ಅಗಲ ಸ್ಕೀ ತರಿಸುವ ಯೋಚನೆ ಅವಳಿಗೆ. ಪರೀಕ್ಷೆಗೆಂದು ಎರಡು ಬಗೆ ಬಂದಿದ್ದವು. ಒಂದು ಬರೀ ಮರದ್ದು, ಮೆದು. ಇನ್ನೊಂದರ ಒಳಗೆ ತಗಡು ಇತ್ತು, ಬಿರುಸು. ಉದ್ದ ಅಗಲ ಎರಡಕ್ಕೂ ಒಂದೇ. ಹೆಸರು ನೋಡಿ ಹೊಗಳಬಾರದೆಂದು ಅವಳು ಎಲ್ಲಕ್ಕೂ ಬೂದು ಟೇಪು ಸುತ್ತಿ, ಅಡಿಭಾಗದ ತುದಿಯಲ್ಲಿ ಇರುವೆಯಷ್ಟು ಸಣ್ಣದಾಗಿ ಮೂರು, ನಾಲ್ಕು ಎಂದು ಬರೆದಿದ್ದಳು. ಮೂರರ ಜೋಡಿಯನ್ನು ನನಗೆ ಕೊಟ್ಟಳು, ನಾಲ್ಕರದನ್ನು ನನ್ನ ಗೆಳೆಯ ಓಥ್ಮಾರ್‌ಗೆ. ನಮ್ಮಿಬ್ಬರ ಬೂಟಿನ ಅಳತೆ ಒಂದೇ. ಮೆದು ಜೋಡಿ ಯಾರ ಪಾಲಿಗೆ ಬಂತೆಂದು ಹೇಳಲಿಲ್ಲ. ಗುರುವಾರದವರೆಗೆ ಸಿಕ್ಕ ಸಿಕ್ಕ ಹಿಮದಲ್ಲೆಲ್ಲ ಇಳಿದು, ಕಂಡದ್ದನ್ನು ಅಂಗಡಿಯ ಪುಸ್ತಕದಲ್ಲಿ ಬರೆಯಬೇಕಿತ್ತು.

ನನಗೆ ಬೇರೆಯದೇ ಪರೀಕ್ಷೆ ಇತ್ತು. ಬೇಸಿಗೆಯಲ್ಲಿ ನನ್ನ ಎಡ ಮಂಡಿಯನ್ನು ಕೊಯ್ದು ಹೊಲಿದಿದ್ದರು. ಇಪ್ಪತ್ತು ವರ್ಷದಿಂದ ನನ್ನನ್ನೇ ಹುಡುಕಿಕೊಂಡು ಬರುವ ಡಚ್ಚರು, ಏಳು ಜನ, ಶನಿವಾರ ಬರುವವರಿದ್ದರು. ಅವರನ್ನು ಗುರುತು ಕಂಬಗಳಿಲ್ಲದ ಇಳಿಜಾರಿಗೆ ಕರೆದೊಯ್ಯುವವನು ನಾನೋ, ಬೇರೆ ಯಾರೋ ಎಂಬುದನ್ನು ಶುಕ್ರವಾರದೊಳಗೆ ನಾನೇ ಹೇಳಬೇಕೆಂದು ಸ್ಕೀ ಶಾಲೆಯ ಯಜಮಾನ ಮರ್ಯಾದೆಯಿಂದಲೇ ಹೇಳಿದ್ದ. ಅಲ್ಲಿ ಮುಂದಾಳು ಜಾರಿದರೆ ಹಿಂದಿನ ಏಳು ಜನ ಎಲ್ಲಿಗೆ ಹೋಗಬೇಕು? ಹಾಗಾಗಿ ಸ್ಕೀ ಹೆಸರಿನಲ್ಲಿ ನಾನು ಪರೀಕ್ಷಿಸುತ್ತಿದ್ದದ್ದು ಕಾಲನ್ನು. ಅದು ಅಗಾಥಾಳಿಗೂ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದಳು.

ಸೋಮವಾರ ಬೆಳಿಗ್ಗೆ ಮೊಣಕಾಲು ಮುಳುಗುವಷ್ಟು ಹೊಸ ಹಿಮ. ಸ್ಕೀ ತೇಲಿತು, ನಾನೂ ತೇಲಿದೆ. ಮಂಡಿ ಇದೆಯೆಂಬುದೇ ಮರೆತುಹೋಯಿತು. ಮಧ್ಯಾಹ್ನ ಬೆಟ್ಟದ ಮೇಲಿನ ಗುಡಿಸಲಿನಲ್ಲಿ ಓಥ್ಮಾರ್ ಜೊತೆ ಬಾರ್ಲಿ ಸೂಪು ಕುಡಿದು, ಒಂದೊಂದು ಗುಟುಕು ಷ್ನಾಪ್ಸ್ ಸಾರಾಯಿ ಹಾಕಿ ಹೊರಟೆವು. ಸಂಜೆ ಕಾಡಿನಂಚಿನ ಗಟ್ಟಿ ದಾರಿಯಲ್ಲಿ ಎಡಗಾಲು ಹಿಡಿತ ತಪ್ಪಿ ಸರಕ್ಕನೆ ಹೊರಗೆ ಹೋಯಿತು. ಒಮ್ಮೆಯಲ್ಲ, ನಾಲ್ಕು ಸಲ. ಮಂಡಿ ಕೈಕೊಟ್ಟಿತೆಂದೇ ಅಂದುಕೊಂಡೆ. ಆದರೂ ಪುಸ್ತಕದಲ್ಲಿ ಬರೆದದ್ದು, “ಗಟ್ಟಿ ಹಿಮದಲ್ಲಿ ಎಡ ಸ್ಕೀ ಜಾರುತ್ತದೆ” ಎಂದು.

ಅಗಾಥಾ ಅದನ್ನು ಓದಿ ನನ್ನ ಮುಖ ನೋಡಿದಳು. “ಎಡ ಸ್ಕೀ ಅಂತ ಒಂದು ಇರುತ್ತೇನಪ್ಪ? ನಾಳೆ ಅದಲು ಬದಲು ಮಾಡಿ ಹಾಕ್ಕೊಂಡು ನೋಡು.”

ಒಳ್ಳೆಯ ಉಪಾಯ. ತಪ್ಪು ಬಲಗಾಲಿಗೆ ಹೋದರೆ ದೋಷ ಸ್ಕೀಯದ್ದು, ಎಡದಲ್ಲೇ ಉಳಿದರೆ ನನ್ನದು. ಮಂಗಳವಾರ ಬದಲಿಸಿ ಹಾಕಿಕೊಂಡೆ. ಗಾಳಿ ಬಡಿದು ಕಲ್ಲಾಗಿದ್ದ ದಿಬ್ಬದ ಮೇಲೆ ಬಲಗಾಲು ಜಾರಿತು. ಜಾರಿದ್ದಕ್ಕೆ ಅಷ್ಟು ಸಂತೋಷಪಟ್ಟವನು ಈ ಕಣಿವೆಯಲ್ಲಿ ನಾನೊಬ್ಬನೇ ಇರಬೇಕು. ಸಂತೋಷ ಅರ್ಧ ಗಂಟೆ ಇತ್ತು. ಮೇಲೆ ಹಪ್ಪಳದಂಥ ಪೊರೆ, ಒಳಗೆ ಸಡಿಲ ಪುಡಿ ಇರುವ ನೆರಳಿನ ಇಳಿಜಾರಿಗೆ ಬಂದಾಗ ಎಡಗಾಲೇ ಪೊರೆ ಒಡೆದು ಒಳಗೆ ಹೂತಿತು. ಬಲಗಾಲು ಗೊಡವೆಯಿಲ್ಲದೆ ಪೊರೆಯ ಮೇಲೆಯೇ ಹೋಗುತ್ತಿತ್ತು. ಬುಧವಾರ ಬಿಸಿಲಿಗೆ ಹಿಮ ಗಂಜಿಯಾಗಿತ್ತು. ಅದರಲ್ಲಿ ಎರಡೂ ಕಾಲು ಸರಿ. ಒಂದು ಹಿಮದಲ್ಲಿ ಎಡ, ಒಂದರಲ್ಲಿ ಬಲ, ಒಂದರಲ್ಲಿ ಏನೂ ಇಲ್ಲ. ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಪುಸ್ತಕದಲ್ಲಿ ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ.

ಓಥ್ಮಾರ್‌ಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ತನ್ನ ಸ್ಕೀಯಂಥದ್ದು ಹುಟ್ಟಿದ ಮೇಲೆ ಕಂಡಿಲ್ಲವೆಂದು ಪುಟ ತುಂಬ ಹೊಗಳಿ ಬರೆದಿದ್ದ. ನನ್ನ ಗೋಳು ಕೇಳಿ ಮೀಸೆಯಲ್ಲೇ ನಕ್ಕ. “ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ ಕಣಯ್ಯ” ಎಂದ. ಬೇರೆ ಯಾರಾದರೂ ಹೇಳಿದ್ದರೆ ಕೋಲಿನಿಂದ ತಿವಿಯುತ್ತಿದ್ದೆ.

ಗಂಟು ಬಿಚ್ಚಿದವಳು ಅಗಾಥಾ. ಬುಧವಾರ ಸಂಜೆ ನನ್ನ ಸ್ಕೀಗಳ ಅಂಚು ಹರಿತ ಮಾಡಲು ಬೆಂಚಿನ ಮೇಲೆ ಬೋರಲು ಹಾಕಿದವಳು ಅಲ್ಲೇ ನಿಂತಳು. “ಅಪ್ಪ, ಇಲ್ಲಿ ಬಾ. ಇದ್ರಲ್ಲಿ ಮೂರು ಅಂತಿದೆ, ಇದ್ರಲ್ಲಿ ನಾಕು ಅಂತಿದೆ. ಮೂರು ದಿನದಿಂದ ಏನು ಮಾಡ್ತಿದ್ದೀರಿ ನೀವಿಬ್ರು?”

ಮಾಡಿದ್ದು ನಮ್ಮ ಹಳೆಯ ಅಭ್ಯಾಸವನ್ನೇ. ಗುಡಿಸಲಿನ ಮುಂದೆ ನಾವು ಯಾರೂ ಜೋಡಿಯನ್ನು ಒಟ್ಟಿಗೆ ನಿಲ್ಲಿಸುವುದಿಲ್ಲ. ನನ್ನದೊಂದು, ಗೆಳೆಯನದೊಂದು ಬಾಗಿಲ ಈಚೆ, ಉಳಿದೆರಡು ಆಚೆ. ಕಳ್ಳ ಅವಸರದಲ್ಲಿ ಎತ್ತಿದರೆ ಅವನ ಕೈಗೆ ಬೆರಕೆ ಜೋಡಿ ಸಿಗಲಿ ಎಂದು. ಸೋಮವಾರ ಕಳ್ಳ ಬರಲಿಲ್ಲ. ಬಂದವರು ಬೂದು ಟೇಪು ಮತ್ತು ಷ್ನಾಪ್ಸ್ ಸೇರಿ ಕಣ್ಣು ಮಂಜಾಗಿದ್ದ ಇಬ್ಬರು ಮುದುಕರು. ಈಚೆಯ ಎರಡನ್ನು ಒಬ್ಬ, ಆಚೆಯ ಎರಡನ್ನು ಇನ್ನೊಬ್ಬ ಎತ್ತಿಕೊಂಡು, ಒಂದು ಮೆದು, ಒಂದು ಬಿರುಸು ಕಟ್ಟಿಕೊಂಡು ಮೂರು ದಿನ ಇಳಿದಿದ್ದೆವು. ಓಥ್ಮಾರ್ ಮೆಚ್ಚಿ ಬರೆದದ್ದೂ ಅಂಥದೇ ಬೆರಕೆ ಜೋಡಿಯನ್ನು. ಅಗಾಥಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನಾನೂ ನಕ್ಕೆ. ಎಷ್ಟು ಹಗುರಾದೆನೆಂದರೆ, ಆ ರಾತ್ರಿ ಡಚ್ಚರನ್ನು ಮೊದಲ ದಿನ ಎಲ್ಲಿಗೆ ಕರೆದೊಯ್ಯುವುದೆಂದು ಮನಸ್ಸಿನಲ್ಲೇ ದಾರಿ ಹಾಕಿಕೊಂಡು ಮಲಗಿದೆ.

ಗುರುವಾರ ಸರಿಯಾದ ಜೋಡಿ ಹಾಕಿಕೊಂಡು ಓಥ್ಮಾರ್ ಜೊತೆ ಅದೇ ನೆರಳಿನ ಇಳಿಜಾರಿಗೆ ಹೋದೆ. ಎಡಗಾಲು ಹೂತಿತು. ಸ್ಕೀ ಅದಲು ಬದಲು ಮಾಡಿದೆ. ಎಡವೇ. ಬಿರುಸು ಸ್ಕೀ ಇರಬೇಕು, ಅದಕ್ಕೇ ಹೀಗೆ ಎಂದುಕೊಂಡು ಓಥ್ಮಾರ್‌ನ ಜೋಡಿಯನ್ನು ಇಸಿದುಕೊಂಡೆ. ಮತ್ತೆ ಎಡ. ಒಂದು ಬಂಡೆಯ ಮೇಲ್ಗಡೆ ತಿರುಗಬೇಕೆಂದುಕೊಂಡ ಜಾಗದಲ್ಲಿ ತಿರುಗಲಾಗದೆ, ಮೂರು ಮೀಟರು ಕೆಳಗೆ ಹೋಗಿ ನಿಂತೆ. ಓಥ್ಮಾರ್ ಮೇಲಿಂದ ನೋಡುತ್ತಿದ್ದ. ಇಳಿದು ಬಂದವನು ಒಂದು ತಮಾಷೆಯನ್ನೂ ಮಾಡಲಿಲ್ಲ. ನನಗೆ ಹೆದರಿಕೆಯಾದದ್ದು ಆಗ. ಅಲ್ಲಿಂದ ಸ್ವಲ್ಪ ಕೆಳಗೆ, ಗಾಳಿ ಬಿಸಿಲು ಮುಟ್ಟದ ಒಂದು ತೊರೆಯ ಕೊರಕಲಿನಲ್ಲಿ ಸೋಮವಾರದ ಪುಡಿ ಇನ್ನೂ ಉಳಿದಿತ್ತು. ಅದರಲ್ಲಿ ಇಪ್ಪತ್ತರ ಹುಡುಗನಂತೆ ಇಳಿದೆ, ಒಂದು ತಿರುವೂ ತಪ್ಪಲಿಲ್ಲ. ಕಾಲು ಹೋಗಿದೆಯೋ ಇದೆಯೋ ನನಗೇ ತಿಳಿಯಲಿಲ್ಲ. ಶನಿವಾರ ಹೊಸ ಹಿಮ ಬೀಳುತ್ತದೆ ಎಂದು ರೇಡಿಯೋದವರು ಹೇಳಿದ್ದರು.

ಅಂಗಡಿಗೆ ಬಂದಾಗ ಅಗಾಥಾಳ ಮುಖ ಅರಳಿತ್ತು. ಬೆಳಿಗ್ಗೆಯೇ ಸ್ಕೀ ಶಾಲೆಗೆ ಫೋನ್ ಮಾಡಿ, ಅಪ್ಪನ ಕಾಲು ಚೆನ್ನಾಗಿದೆ, ಸ್ಕೀ ಬೆರಕೆಯಾಗಿತ್ತು ಅಷ್ಟೆ, ಡಚ್ಚರನ್ನು ಅವನಿಗೇ ಬಿಡಿ ಎಂದು ಹೇಳಿಬಿಟ್ಟಿದ್ದಳಂತೆ. ಯಜಮಾನನಿಗೂ ಖುಷಿಯಾಯಿತಂತೆ. ಪುಸ್ತಕ ತೆರೆದು, ಪೆನ್ನು ಹಿಡಿದು, ಇವತ್ತು ಸ್ಕೀ ಹೇಗಿತ್ತು ಎಂದು ಕೇಳಿದಳು.

ಕೆಟ್ಟದು ಎಂದುಬಿಡಬಹುದಿತ್ತು. ಅಗಲ ಸ್ಕೀ ಗಟ್ಟಿ ಹಿಮದಲ್ಲಿ ಮಂಡಿಗೆ ಭಾರವೇ, ಯಾರೂ ಅಲ್ಲವೆನ್ನುವುದಿಲ್ಲ. ಬಾಯಿಯವರೆಗೆ ಬಂದಿತ್ತು.

“ಎರಡೂ ಚೆನ್ನಾಗಿವೆ” ಎಂದೆ.

“ಯಾವ ಹಿಮಕ್ಕೆ?”

“ಎಲ್ಲಾದಕ್ಕೂ.”

ಅವಳು ಬರೆಯಲು ಹೋದವಳು ನಿಲ್ಲಿಸಿದಳು. ಸ್ಕೀಯಲ್ಲಿ ದೋಷವಿಲ್ಲವೆಂದರೆ ಎಲ್ಲಿದೆಯೆಂದು ಅರ್ಥವಾಗಿತ್ತು. ಆದರೂ ಮಗಳಲ್ಲವೇ, ಹುಲ್ಲುಕಡ್ಡಿ ಹಿಡಿಯಲು ನೋಡಿದಳು. ಶನಿವಾರ ಪುಡಿಹಿಮವೇ ಇರುತ್ತದಲ್ಲ, ಪುಡಿಯಲ್ಲಿ ನಿನಗೆ ಏನೂ ಆಗುವುದಿಲ್ಲವಲ್ಲ ಎಂದಳು. ದಾರಿಯುದ್ದಕ್ಕೂ ನಾನೂ ಅದನ್ನೇ ಅಂದುಕೊಂಡು ಬಂದಿದ್ದೆ. ಪುಡಿಯ ಕೆಳಗೆ ಪೊರೆ ಎಲ್ಲಿರುತ್ತದೆ, ಎಲ್ಲಿರುವುದಿಲ್ಲ ಎಂದು ಯಾರು ಹೇಳಬಲ್ಲರು?

“ಪೊರೆ ಸಿಕ್ಕಿದ್ರೆ ನಿಲ್ಲುತ್ತಾ ಕಾಲು?” ಎಂದು ಮೆಲ್ಲಗೆ ಕೇಳಿದಳು.

“ಗೊತ್ತಿಲ್ಲ ಕಣೇ.”

ಗೊತ್ತಿಲ್ಲ ಅನ್ನಿಸಿದ ಜಾಗದಿಂದ ಹಿಂದಕ್ಕೆ ತಿರುಗಬೇಕು. ಮುಂದೆ ಹೋಗಿ ನೋಡೋಣ ಎನ್ನಬಾರದು. ಡಚ್ಚರಿಗೆ ಇಪ್ಪತ್ತು ವರ್ಷ ಹೇಳಿಕೊಟ್ಟದ್ದು ಇದನ್ನೇ, ಅಗಾಥಾಳಿಗೆ ಅವಳ ಏಳನೆಯ ವಯಸ್ಸಿನಿಂದ. ಅವಳು ಶಾಲೆಯ ನಂಬರು ಒತ್ತಿ, ಫೋನನ್ನು ನನ್ನ ಕೈಗೆ ಕೊಟ್ಟಳು.