ಟೈಲರಮ್ಮನ ಕೈ

"ಆಗಲ್ಲ ಅಂದ್ರೆ ಆಗಲ್ಲ ಮೇಡಂ. ಎಷ್ಟು ಸಲ ಹೇಳೋದು?" ಟೈಲರಮ್ಮ ಹೊಲಿಗೆ ಯಂತ್ರದಿಂದ ಕಣ್ಣೆತ್ತಲಿಲ್ಲ.

ಸಂಶೋಧಕಿ ಒದ್ದೆ ಬಟ್ಟೆ ಸುತ್ತಿದ ಡಬ್ಬಿಯನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು. ಒಳಗಿದ್ದವು ಮರಳುನೊಣಗಳು, ಪ್ರಯೋಗಾಲಯದಲ್ಲೇ ಹುಟ್ಟಿ ಬೆಳೆದ, ಯಾವ ರೋಗವೂ ಇಲ್ಲದವು. ಬಿಸಿಲೇರಿದರೆ ಒಂದೂ ಉಳಿಯುವುದಿಲ್ಲ. ಹೋದ ಸಲವೂ ಹೀಗೇ ಮಾತಿನಲ್ಲೇ ಹೊತ್ತು ಕಳೆದು ಎಲ್ಲವೂ ಸತ್ತಿದ್ದವು.

"ಇವಳಿಗೆ ಕಾಲಾ ಅಜಾರ್ ಜ್ವರ ಈ ನೊಣದಿಂದಲೇ ಬಂತು ಅಂದ್ರಿ. ಗೋಡೆಗೆಲ್ಲಾ ಔಷಧಿ ಹೊಡೆಸಿ ಓಡಿಸಿದ್ರಿ," ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅತ್ತೆ ಬಾಯಿ ಹಾಕಿದಳು. "ಈಗ ನೀವೇ ಡಬ್ಬೀಲಿ ತುಂಬ್ಕೊಂಡು ಬಂದು ಕಚ್ಚಿಸ್ಕೋ ಅಂತೀರಲ್ಲ, ತಲೆ ನೆಟ್ಟಗಿದೆಯಾ ತಾಯಿ?"

ಜ್ವರವೇನೋ ವಾಸಿಯಾಗಿತ್ತು. ಆದರೆ ವರ್ಷ ಕಳೆದ ಮೇಲೆ ಟೈಲರಮ್ಮನ ಮುಂಗೈಯಲ್ಲಿ, ಕೆನ್ನೆಯಲ್ಲಿ ಬಿಳಿಚಿದ ಕಲೆಗಳು ಎದ್ದಿದ್ದವು. ಅವುಗಳಲ್ಲಿ ರೋಗಾಣು ಇನ್ನೂ ಅಡಗಿತ್ತು.

"ಕಚ್ಚಿಸ್ಕೊಂಡ್ರೆ ಕಲೆ ಹೋಗುತ್ತಾ?" ಟೈಲರಮ್ಮ ಕೇಳಿದಳು.

"ಇಲ್ಲಕ್ಕಾ. ಅದಕ್ಕೆ ಮಾತ್ರೆ ಬೇರೆ. ನೀವು ಇದಕ್ಕೆ ಒಪ್ಪದಿದ್ರೂ ಮಾತ್ರೆ ಕೊಡ್ತೀವಿ."

"ಮತ್ತೆ ಇದರಿಂದ ನನಗೇನು ಲಾಭ?"

"ಏನೂ ಇಲ್ಲ."

"ಸರಿಹೋಯ್ತು! ಒಂದು ಸುಳ್ಳು ಹೇಳೋಕೂ ಬರಲ್ಲ ನಿಮಗೆ."

ಸಂಶೋಧಕಿಯ ಸಹನೆ ಮೀರಿತು. "ಹೌದಕ್ಕಾ, ಬರಲ್ಲ! ನಿಮ್ಮ ಕಲೆಯಿಂದ ನೊಣಕ್ಕೆ, ನೊಣದಿಂದ ಮನೇಲಿರೋ ಇನ್ನೊಬ್ಬರಿಗೆ ಇದು ಎಷ್ಟು ಸುಲಭವಾಗಿ ದಾಟುತ್ತೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕಲೆ ಕಚ್ಚಿದ ನೊಣದೊಳಗೆ ರೋಗಾಣು ಸೇರುತ್ತಾ ಅಂತ ನೋಡೋಕೇ ನಾನು ಹೀಗೆ ಬೀದಿ ಬೀದಿ ಅಲೀತಿರೋದು!"

ಯಂತ್ರ ನಿಂತಿತು. ಟೈಲರಮ್ಮ ಬಗ್ಗಿ ಕೆಳಗೆ ನೋಡಿದಳು. ಪೆಡಲಿನ ಪಕ್ಕ, ಚಾಪೆಯ ಮೇಲೆ, ಕತ್ತರಿಸಿದ ಬಟ್ಟೆಯ ಚೂರುಗಳ ನಡುವೆ ಅವಳ ಮಗು ಬಾಯಿ ತೆರೆದು ನಿದ್ದೆ ಹೋಗಿತ್ತು.

"ಇದನ್ನ ಮೊದಲೇ ಹೇಳೋಕೆ ಏನು ಧಾಡಿ ನಿಮಗೆ?"

"ಹೆದರಿಸಿ ಒಪ್ಪಿಸಬಾರದು ಅಂತ ಕಟ್ಟಪ್ಪಣೆ ಇದೆ ಅಕ್ಕಾ." ಸಂಶೋಧಕಿಗೆ ತನ್ನ ನಾಲಿಗೆಯ ಮೇಲೇ ಸಿಟ್ಟು ಬಂದಿತ್ತು. "ಈಗಲೂ ಬೇಡ ಅನ್ನಿ, ಎದ್ದು ಹೋಗ್ತೀನಿ."

"ಕೂತ್ಕೊಳ್ಳಿ ಸುಮ್ನೆ."

ಟೈಲರಮ್ಮ ಕೈ ಚಾಚಿದಳು. ಡಬ್ಬಿಯ ಜಾಲರಿ ಕಟ್ಟಿದ ಬಾಯಿ ಕಲೆಯ ಮೇಲೆ ಒತ್ತಿ ಕೂತಿತು. ನೊಣಗಳು ಕಚ್ಚತೊಡಗಿದಾಗ ಅವಳ ಮುಖ ಕಿವುಚಿಕೊಂಡಿತು, ಆದರೆ ಕೈ ಕದಲಿಸುವಂತಿರಲಿಲ್ಲ. ಕಾಲು ನೀಡಿ, ಮಗುವಿನ ಚಾಪೆಯ ಅಂಚನ್ನು ಕಾಲ್ಬೆರಳುಗಳಿಂದ ಮೆಲ್ಲಗೆ, ನಿದ್ದೆ ಕೆಡದ ಹಾಗೆ, ಡಬ್ಬಿಯಿಂದ ಆಚೆಗೆ, ಕಾಲು ಎಟುಕುವಷ್ಟು ದೂರ ತಳ್ಳಿದಳು.