ಮೌನದ ನಿಮಿಷಕ್ಕೆ ಹೊಸ ಲೀಡರ್

ತಮಿಳು ಸೀಮೆಯ ಕರುಮತ್ತಂಪಟ್ಟಿಯ ಒಂದು ಶಾಲೆಯಲ್ಲಿ ದಿನಾ ಬೆಳಿಗ್ಗೆ ಎಂಟನೇ ಕ್ಲಾಸು ಒಂದು ನಿಮಿಷ ಮೌನವಾಗಿ ಕೂರಬೇಕು. ಆಮೇಲೆ ಒಬ್ಬೊಬ್ಬರೂ ಆಗ ಮನಸ್ಸಿಗೆ ಬಂದ ಒಂದು ನಿಜವಾದ ಮಾತು ಹೇಳಬೇಕು. ಶುರುವಿಗೂ ಕೊನೆಗೂ ಗಂಟೆ ಹೊಡೆದು ಇದನ್ನೆಲ್ಲ ನಡೆಸುವುದು ಮಕ್ಕಳೇ ಆರಿಸಿದ ಲೀಡರ್. ಹೋದ ವಾರದವರೆಗೂ ತೆನ್ಮೊಳಿ ಎಂಬ ಹುಡುಗಿ ಲೀಡರ್ ಆಗಿದ್ದಳು.

ಆ ಮೌನದಲ್ಲಿ ಅವಳನ್ನು ನಗಿಸುವುದು ಅದೇ ಕ್ಲಾಸಿನ ಪ್ರೇಮ್ ಕುಮಾರನ ಡ್ಯೂಟಿಯಾಗಿತ್ತು. ಇಬ್ಬರದೂ ಮಗ್ಗದ ಮನೆ. ಪವರ್‌ಲೂಮ್ ಸದ್ದಿನಲ್ಲಿ ಬೆಳೆದವರಿಗೆ ತುಟಿ ನೋಡಿಯೇ ಮಾತು ತಿಳಿಯುತ್ತದೆ. ಮೂರನೇ ಬೆಂಚಿನಿಂದ ಅವನು ಸದ್ದಿಲ್ಲದೆ, ಮನೆಯ ಕನ್ನಡದಲ್ಲಿ ಡೈಲಾಗ್ ಬಿಡುತ್ತಿದ್ದ: "ತಲೈವೀ, ನಮ್ ಲೀಡರಮ್ಮಾ, ಗಂಟೆ ನಿಂದು, ಟೈಮ್ ನಂದು." ಅವಳು ಕಿಸಕ್ಕೆಂದರೆ ಟೀಚರ್ ಬೈಯುತ್ತಿದ್ದುದು ಅವಳನ್ನೇ.

ಅವಳ ಮನೆಯವರು ಮಗ್ಗ ಬಿಟ್ಟು ಪೊಳ್ಳಾಚಿಗೆ ಹೋದರು. ಕ್ಲಾಸು ಪ್ರೇಮ್‌ನನ್ನು ಆರಿಸಿತು. ಈಗ ಗಂಟೆಯೂ ಅವನದು, ಟೈಮೂ ಅವನದು. ಕಾಲರ್ ಎತ್ತಿ, ಹೀರೋ ಎಂಟ್ರಿ ಕೊಟ್ಟು ಮುಂದೆ ನಿಂತ. ಮೌನ ಶುರುವಾಯಿತು. ಅವನು ತನ್ನ ಹಳೆಯ ಜಾಗವನ್ನೇ ನೋಡಿದ. ಅಲ್ಲಿ ಯಾರ ತುಟಿಯೂ ಅಲುಗಲಿಲ್ಲ. ಎಲ್ಲರೂ ಕಣ್ಣು ಮುಚ್ಚಿ ಒಳ್ಳೆಯ ಮಕ್ಕಳಂತೆ ಕೂತಿದ್ದರು. ಕೊನೆಗೆ ಅವನೇ ತುಟಿಯಾಡಿಸಿದ: "ಯಾರಾದ್ರೂ ನಗ್ಸ್ರೋ."

"ಏನ್ ಲೀಡರ್, ಗಂಟೆ ಹೊಡೆಯೋದು ಮರ್ತೋಯ್ತಾ?" ಶೋಭನಾ ಟೀಚರ್ ಕೇಳಿದರು. "ಸರಿ, ಮೊದ್ಲು ನಿನ್ ಮಾತು ಹೇಳು."

ಪ್ರೇಮ್ ಎತ್ತಿದ್ದ ಕಾಲರ್ ಇಳಿಸಿದ.

"ಒಂದ್ ನಿಮಿಷ ಇಷ್ಟು ಉದ್ದ ಇರ್ತದೆ ಅಂತ ಗೊತ್ತಿರ್ಲಿಲ್ಲ, ಟೀಚರ್," ಅಂದ. ಆಮೇಲೆ ಮೆಲ್ಲಗೆ ಸೇರಿಸಿದ: "ಪೊಳ್ಳಾಚಿ ಸ್ಕೂಲಲ್ಲಿ ಅವಳನ್ನ ಯಾರ್ ನಗಿಸ್ತಾರೋ."